ಎರವಲು ನಂಬಿಕೆ

ಕರಾವಳಿಯ ಕೆಥೋಲಿಕ್ ಮನೆಗಳಲ್ಲಿ ದೇವರ ಪೀಠದ ಮೇಲಿನ ಶಿಲುಬೆಗೆ ಒಂದು ಒಣ ಗರಿ ಸಿಕ್ಕಿಸಿರುತ್ತದೆ. ಪಾಸ್ಕ (ಈಸ್ಟರ್) ಹಬ್ಬಕ್ಕೆ ಒಂದು ವಾರ ಮುಂಚೆ, ಗರಿಗಳ ಭಾನುವಾರದಂದು ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟದ್ದು. ತಂದ ದಿನ ಎಳೆಹಳದಿ. ಮಳೆಗಾಲ ಕಳೆಯುವಷ್ಟರಲ್ಲಿ ಬೂಸಲು ಹಿಡಿದು ಕಂದಾಗುತ್ತದೆ. ಕ್ರಿಸ್ಮಸ್ಸಿಗೆಂದು ಜೇಡರ ಬಲೆ ತೆಗೆಯುವಾಗ ಪೊರಕೆ ತಗಲಿದರೆ ಸಾಕು, ಮುರಿದು ಉದುರುತ್ತದೆ. ಆದರೂ ಅದನ್ನು ಯಾರೂ ಕಸಕ್ಕೆ ಹಾಕುವುದಿಲ್ಲ. ಮರುವರ್ಷ ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲ ಹತ್ತಿರವಾದಾಗ, ಹಳೆಯ ಗರಿಗಳನ್ನು ತಂದೊಪ್ಪಿಸಿ ಎಂದು ಪೂಜೆಯ ಕೊನೆಯಲ್ಲಿ ಪ್ರಕಟಣೆ ಓದುತ್ತಾರೆ. ಹಾಗೆ ಬಂದ ಗರಿಗಳನ್ನು ಸುಟ್ಟು, ಜರಡಿ ಹಿಡಿದು ತೆಗೆದ ಬೂದಿಯೇ ಬೂದಿ ಬುಧವಾರ ಎಲ್ಲರ ಹಣೆಗೆ ಬೀಳುವುದು. ಹಚ್ಚುವ ಗುರುಗಳು ನಾವು ಮಣ್ಣಿನವರು, ಮಣ್ಣಿಗೇ ಮರಳುವವರು ಎಂಬುದನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ನೆನಪಿಸುತ್ತಾರೆ. ಹಾಲು ಕುಡಿಯುವ ಕೂಸಾದರೂ ಸರಿ, ಊರುಗೋಲು ಹಿಡಿದ ಅಜ್ಜನಾದರೂ ಸರಿ.

ಹೋದ ವರ್ಷ ಜಯಘೋಷ ಮಾಡುತ್ತ ಎತ್ತಿ ಹಿಡಿದದ್ದು ಈ ವರ್ಷ ಹಣೆಯ ಮೇಲಿನ ಬೂದಿ. ಇದನ್ನು ಯಾರೂ ಪ್ರವಚನದಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಸುಡುವ ಕೆಲಸವನ್ನು ಮಾಡುವ ಇಗರ್ಜಿಯ ಕೆಲಸದಾಳಿಗೆ ಅದು ಚೆನ್ನಾಗಿಯೇ ಗೊತ್ತಿರುತ್ತದೆ.

ಅನಿತ್ಯದ ಪಾಠ ನಮಗೆ ಹೀಗೆ ಪಂಚಾಂಗದೊಳಗೇ ಸೇರಿಕೊಂಡು ಬಂದಿದೆ. ನವೆಂಬರ್ 2ರಂದು ಸತ್ತವರ ದಿನ. ಸಮಾಧಿಗಳ ಮೇಲಿನ ಹುಲ್ಲು ಕಿತ್ತು, ಸೇವಂತಿಗೆ ಹರಡಿ, ಮೇಣದ ಬತ್ತಿ ಹಚ್ಚುತ್ತೇವೆ. ಆದರೆ ಆ ಸಮಾಧಿಯಾದರೂ ಖಾಯಮ್ಮೇ? ಜಾಗದ ಅಭಾವವಿರುವ ಎಷ್ಟೋ ಇಗರ್ಜಿಗಳಲ್ಲಿ ಕೆಲವು ವರ್ಷ ಕಳೆದ ಮೇಲೆ ಅದೇ ಗುಂಡಿಯನ್ನು ಮತ್ತೆ ತೆಗೆಯುತ್ತಾರೆ, ಇನ್ನೊಬ್ಬರಿಗಾಗಿ. ಮೊದಲಿನವರ ಎಲುಬುಗಳು ಬೇರೆಡೆ ಸೇರುತ್ತವೆ. ದುಡ್ಡಿದ್ದವರು ಖಾಯಂ ಸಮಾಧಿ ಕೊಂಡುಕೊಳ್ಳುತ್ತಾರೆ, ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುತ್ತಾರೆ. ನಮ್ಮ ಕಡೆಯ ಮಳೆಗೆ ಆ ಅಕ್ಷರದ ಬಣ್ಣವೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು.

ದೇವಾಲಯದ ಕಥೆಯೂ ಅದೇ. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ ಮೊದಲು ಕಟ್ಟಿದ್ದು 1680ರಲ್ಲಿ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅದು ನೆಲಸಮವಾಯಿತು. ಈಗ ಅಲ್ಲಿ ನಿಂತಿರುವುದು ಇಪ್ಪತ್ತನೆಯ ಶತಮಾನದ ಕಟ್ಟಡ. ಸ್ಥಾವರ, ಜಂಗಮ ಎಂಬ ಮಾತನ್ನು ಹನ್ನೆರಡನೆಯ ಶತಮಾನದಿಂದ ಕೇಳುತ್ತ ಬಂದ ಕನ್ನಡ ನಾಡಿನಲ್ಲಿ ಇದಕ್ಕೆ ಅಚ್ಚರಿಪಡುವವರು ಯಾರೂ ಇರಲಿಕ್ಕಿಲ್ಲ.

ಮೈ ಹೋಗುತ್ತದೆ, ಮನೆ ಹೋಗುತ್ತದೆ, ಸಮಾಧಿ ಹೋಗುತ್ತದೆ, ಇಗರ್ಜಿಯೂ ಹೋಗುತ್ತದೆ. ಸರಿ, ಒಪ್ಪಿದೆವು. ಇವೆಲ್ಲ ಹೋದರೂ ದೇವರ ಮೇಲಿನ ವಿಶ್ವಾಸವೊಂದು ಉಳಿಯುತ್ತದೆ, ಕಷ್ಟಕಾಲದಲ್ಲಿ ಅದೇ ಆಧಾರ ಎಂದು ನಮಗೆ ಧರ್ಮೋಪದೇಶದ ತರಗತಿಯಲ್ಲಿ ಕಲಿಸಿದರು. ನನ್ನ ತಕರಾರು ಇರುವುದು ಇಲ್ಲಿ. ಕಷ್ಟಕಾಲದಲ್ಲಿ ಎಲ್ಲಕ್ಕಿಂತ ಮೊದಲು ಕೈಬಿಡುವುದು ಆ ವಿಶ್ವಾಸವೇ.

ಅಪ್ಪನಿಗೆ ಪಾರ್ಶ್ವವಾಯು ಬಡಿದದ್ದು ಒಂದು ಜುಲೈಯಲ್ಲಿ. ಬಲಗೈ ಬಲಗಾಲು ಬಿದ್ದುಹೋದವು, ಮಾತು ತೊದಲಿತು. ಗಾಯದ ಮೇಲೆ ಬರೆ ಎಳೆದ ಹಾಗೆ ಅದೇ ಹೊತ್ತಿಗೆ ಗಲ್ಫಿನಲ್ಲಿದ್ದ ಅಣ್ಣ ಕೆಲಸ ಕಳೆದುಕೊಂಡು ಊರಿಗೆ ಬಂದ. ಮನೆಗೆಂದು ಸೊಸೈಟಿಯಲ್ಲಿ ತೆಗೆದ ಸಾಲದ ಕಂತು ನಿಂತಿತು. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದವಳು ಬೇಗ ಹಿಂದಿರುಗಲಿಲ್ಲ. ಇಂಥ ಮನೆಗಳು ನಮ್ಮ ಊರಲ್ಲಿ ಪ್ರತಿ ಗುಡ್ಡದ ಕೆಳಗೂ ಇವೆ, ನಮ್ಮದೇನೂ ವಿಶೇಷವಲ್ಲ.

ಅಮ್ಮ ಏನನ್ನೂ ಸಾರಿ ಹೇಳಲಿಲ್ಲ. ಮೊದಲು ಬೆಳಗಿನ ಪೂಜೆ ಬಿಟ್ಟಳು. ಅಪ್ಪನ ಮೈ ಒರೆಸಬೇಕು, ಗಂಜಿ ಕುಡಿಸಬೇಕು, ಮಗ್ಗುಲು ಬದಲಾಯಿಸಬೇಕು. ಕಾರಣ ಇತ್ತು. ಆಮೇಲೆ ಭಾನುವಾರದ ಪೂಜೆಯೂ ತಪ್ಪಿತು. ಆಮೇಲೆ ನಮ್ಮ ಮನೆಯಲ್ಲಿ ಒಂದು ದಿನವೂ ತಪ್ಪದೆ ನಡೆದು ಬಂದಿದ್ದ ಸಂಜೆಯ ತೇರ್ಸ್ ನಿಂತಿತು. ಅವಳ ಜಪಮಾಲೆ ಔಷಧಿಯ ಡಬ್ಬಿಯೊಳಗೆ, ಖಾಲಿ ಮಾತ್ರೆಹಾಳೆಗಳ ಅಡಿಗೆ ಸೇರಿಕೊಂಡಿತು. ಯಾಕಮ್ಮ ಎಂದು ಒಮ್ಮೆ ಕೇಳಿದೆ.

"ಹೇಳ್ಲಿಕ್ಕೆ ಹೋದ್ರೆ ಬಾಯಿ ಒಣಗ್ತದೆ ಮಗಾ. ಯಾರ ಹತ್ರ ಹೇಳ್ತಾ ಇದ್ದೇನೆ ಅಂತಲೇ ಗೊತ್ತಾಗುದಿಲ್ಲ."

ದೇವರ ಮೇಲೆ ಸಿಟ್ಟು ಎಂದಾದರೆ ನನಗೆ ಅರ್ಥವಾಗುತ್ತಿತ್ತು. ಸಿಟ್ಟು ಮಾಡಲಿಕ್ಕಾದರೂ ಎದುರಿಗೆ ಒಬ್ಬ ಬೇಕಲ್ಲ. ಅಮ್ಮ ಹೇಳಿದ್ದು ಅದಕ್ಕಿಂತ ಖಾಲಿಯಾದ ಸಂಗತಿ. ಐವತ್ತು ವರ್ಷದ ಅಭ್ಯಾಸ ಒಂದು ಮಳೆಗಾಲಕ್ಕೆ ತೊಳೆದುಹೋಗಿತ್ತು.

ತೇರ್ಸ್ ಎಂದರೆ ಏನೆಂದು ತಿಳಿಯದವರಿಗಾಗಿ ಇಷ್ಟು ಹೇಳಬೇಕು. ಹತ್ತು ಹತ್ತು ಮಣಿಗಳ ಐದು ಕಟ್ಟು, ಪ್ರತಿ ಮಣಿಗೆ ಮರಿಯಮ್ಮನಿಗೆ ಸಲ್ಲಿಸುವ ಒಂದು ಪುಟ್ಟ ಪ್ರಾರ್ಥನೆ. ಆ ಪ್ರಾರ್ಥನೆಯನ್ನು ಎರಡು ತುಂಡು ಮಾಡಿದ್ದಾರೆ. ಮುಂದೆ ನಿಂತವರು ಮೊದಲರ್ಧ ಹೇಳಿ ನಿಲ್ಲಿಸುತ್ತಾರೆ, ಉಳಿದವರು ಉತ್ತರಾರ್ಧ ಹೇಳಿ ಮುಗಿಸುತ್ತಾರೆ. ಉತ್ತರಾರ್ಧದಲ್ಲಿ ಬೇಡುವುದು ಎರಡೇ ಹೊತ್ತಿಗೆ: ಈಗಿನ ಹೊತ್ತು, ಸಾಯುವ ಹೊತ್ತು. ಚಾಪೆಯ ಮೇಲೆ ತೂಕಡಿಸುತ್ತ ಕುಳಿತ ಮಗುವೂ ಒಂದು ಸಂಜೆಗೆ ಐವತ್ತಕ್ಕೂ ಹೆಚ್ಚು ಸಲ ತನ್ನ ಸಾವಿನ ಹೆಸರೆತ್ತುತ್ತದೆ, ಆಮೇಲೆ ಊಟಕ್ಕೆ ಏಳುತ್ತದೆ. ಇನ್ನೊಂದು ಸಂಗತಿ ಇದೆ. ಯೇಸು, ಮರಿಯಮ್ಮನವರ ಬಾಳಿನ ಯಾವ ರಹಸ್ಯವನ್ನು ಯಾವ ದಿನ ಧ್ಯಾನಿಸಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಮಂಗಳವಾರ, ಶುಕ್ರವಾರ ದುಃಖದ್ದು. ಸೋಮವಾರ, ಶನಿವಾರ ಸಂತೋಷದ್ದು. ಬುಧವಾರ, ಭಾನುವಾರ ಮಹಿಮೆಯದು. ಗುರುವಾರದ ಬೆಳಕಿನ ರಹಸ್ಯಗಳನ್ನು ಎರಡನೆಯ ಜಾನ್ ಪೌಲ್ ಪೋಪರು 2002ರಲ್ಲಿ ಸೇರಿಸಿದರು. ಅಣ್ಣ ಪೆಟ್ಟಿಗೆ ಹೊತ್ತುಕೊಂಡು ಬಂದಿಳಿದ ದಿನ ಸೋಮವಾರವಾಗಿತ್ತು. ಪ್ರಾರ್ಥನೆಯ ಲೆಕ್ಕದಲ್ಲಿ ಅದು ಸಂತೋಷದ ದಿನವೇ. ನಿನ್ನ ಮನಸ್ಸು ಹೇಗಿದೆ ಎಂದು ಆ ಮಾಲೆ ಕೇಳುವುದಿಲ್ಲ. ಬಹಳ ಕಾಲ ನನಗೆ ಇದು ಕ್ರೂರ ಎನಿಸುತ್ತಿತ್ತು. ಈಗ ಅದರಲ್ಲಿ ಒಂದು ಬಗೆಯ ದಾಕ್ಷಿಣ್ಯವೂ ಇದೆ ಅನ್ನಿಸುತ್ತದೆ. ಮನಸ್ಸು ಸರಿಯಿದ್ದವರು ಮಾತ್ರ ಪ್ರಾರ್ಥಿಸಬೇಕು ಎಂದಾಗಿದ್ದರೆ ನಮ್ಮ ಮನೆಗಳಲ್ಲಿ ವರ್ಷಕ್ಕೆ ನಾಲ್ಕು ದಿನವೂ ತೇರ್ಸ್ ನಡೆಯುತ್ತಿರಲಿಲ್ಲ.

ಅಮ್ಮ ಬಿಟ್ಟದ್ದು ಇಗರ್ಜಿಯ ವಾರ್ಡಿನವರಿಗೆ ಹೇಗೋ ತಿಳಿಯಿತು. ಒಂದು ಸಂಜೆ ವಾರ್ಡಿನ ಮುಖಂಡರಾದ ಗುರ್ಕಾರರು ಏಳೆಂಟು ಜನರನ್ನು ಕರೆದುಕೊಂಡು ಬಂದರು. ಕೊಡೆಗಳನ್ನು ಜಗಲಿಯಲ್ಲಿ ಬಿಡಿಸಿಟ್ಟು, ಅಪ್ಪನ ಮಂಚದ ಸುತ್ತ ಕೆಲವರು ಕುರ್ಚಿಯಲ್ಲಿ, ಕೆಲವರು ನೆಲದಲ್ಲಿ ಕುಳಿತರು. ಅಮ್ಮ ಒಳಗೆ ಬರಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು, ತುಟಿ ಬಿಚ್ಚಲಿಲ್ಲ. ಪಕ್ಕದ ಮನೆಯ ಬಾಯಮ್ಮ ಎದ್ದು ಹೋಗಿ ಅವಳ ಬಳಿ ಕುಳಿತರು. ಈಗ ನೀತಿ ಹೇಳುತ್ತಾರೆ, ದೇವರು ಪರೀಕ್ಷೆ ಮಾಡುವುದು ಮೆಚ್ಚಿದವರನ್ನೇ ಎಂದು ಶುರುಮಾಡುತ್ತಾರೆ ಅಂದುಕೊಂಡೆ. ಅವರು ಕೊಂಕಣಿಯಲ್ಲಿ ಹೇಳಿದ್ದು ಇಷ್ಟೇ: "ನೀನು ಹೇಳುದು ಬೇಡ. ಸುಮ್ಮನೆ ಕೂತ್ಕೊ. ನಿನ್ನ ಪಾಲಿನದ್ದು ನಾವು ಹೇಳ್ತೇವೆ."

ಆಮೇಲೆ ವಾರವಾರವೂ ಬಂದರು. ಒಬ್ಬರು ಬರುವಾಗ ಬೂತಾಯಿ ಗಸಿ ತಂದರು. ಗುರ್ಕಾರರು ಅಣ್ಣನ ಜೊತೆ ಸೊಸೈಟಿಗೆ ಹೋಗಿ ಕಂತಿಗೆ ವಾಯಿದೆ ಕೇಳಿಕೊಂಡು ಬಂದರು. ಅಮ್ಮ ಹೊಸ್ತಿಲಲ್ಲೇ ಇದ್ದಳು. ತಿಂಗಳುಗಳು ಕಳೆದ ಮೇಲೆ ಒಂದು ದಿನ ಉತ್ತರಾರ್ಧದಲ್ಲಿ ಅವಳ ದನಿಯೂ ಸೇರಿತ್ತು. ಸೇರಿದ್ದು ಯಾವತ್ತು ಎಂದು ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಪ್ಪ ಏಳಲಿಲ್ಲ. ಮರುವರ್ಷ ತೀರಿಕೊಂಡರು. ಪವಾಡದ ಕಥೆ ಕೇಳಲು ಕುಳಿತವರಿಗೆ ಇಲ್ಲಿ ಏನೂ ಸಿಗಲಾರದು.

ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಕಪೆರ್ನವುಮ್ ಊರಿನ ಒಂದು ಮನೆಯಲ್ಲಿ ಯೇಸುಸ್ವಾಮಿ ಬೋಧಿಸುತ್ತಿದ್ದಾರೆ, ಬಾಗಿಲ ತನಕ ಜನ. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ತಂದಿದ್ದಾರೆ. ಒಳಗೆ ಹೋಗಲು ದಾರಿಯಿಲ್ಲ. ಮಾಡು ಹತ್ತಿ, ಅದನ್ನು ಬಿಚ್ಚಿ, ಕಂಡಿ ಮಾಡಿ ಹಾಸಿಗೆಯನ್ನು ಕೆಳಗಿಳಿಸುತ್ತಾರೆ. (ಆ ಮನೆಯ ಯಜಮಾನ ಏನಂದನೋ, ಮಾಡು ಸರಿಮಾಡಿಸಿಕೊಟ್ಟವರು ಯಾರೋ, ಮಾರ್ಕ ಬರೆಯುವುದಿಲ್ಲ. ಹೆಂಚಿನ ಊರಿನವನಾದ ನನಗೆ ಓದುವಾಗಲೆಲ್ಲ ಅದೇ ಚಿಂತೆ.) ಯೇಸು ಮೇಲೆ ನೋಡುತ್ತಾರೆ. ಅವರಿಗೆ ಕಂಡದ್ದು ಹೊತ್ತು ತಂದವರ ವಿಶ್ವಾಸ ಎಂದು ಮಾರ್ಕ ಬರೆಯುತ್ತಾನೆ. ಮಲಗಿದವನಿಗೆ ವಿಶ್ವಾಸ ಇತ್ತೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ. ಅವನು ಬಾಯಿ ಬಿಟ್ಟು ಬೇಡಿದ್ದೂ ಇಲ್ಲ. ಅವನ ಪಾಲಿನದನ್ನು ನಾಲ್ವರು ಮಾಡಿನ ಮೇಲೆ ಕುಳಿತು ಹಗ್ಗ ಸಡಿಲಿಸುತ್ತ ನಂಬಿದ್ದರು.

ಅದೇ ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ತಂದೆ ಬರುತ್ತಾನೆ. ಮಗನಿಗೆ ಚಿಕ್ಕಂದಿನಿಂದ ರೋಗ. ಬಿದ್ದು ಒದ್ದಾಡುತ್ತಾನೆ, ಬಾಯಲ್ಲಿ ನೊರೆ. ಶಿಷ್ಯರಿಂದ ವಾಸಿಯಾಗಿಲ್ಲ. ನಂಬಿದವನಿಗೆ ಎಲ್ಲವೂ ಸಾಧ್ಯ ಎಂಬ ಮಾತು ಬಂದಾಗ ಆ ತಂದೆ, ನಂಬುತ್ತೇನೆ ಎನ್ನುತ್ತಾನೆ, ಮರುಕ್ಷಣವೇ ತನ್ನ ಅಪನಂಬಿಕೆಗೆ ಸಹಾಯ ಬೇಡುತ್ತಾನೆ. ಎರಡೂ ಒಂದೇ ಉಸಿರಿನಲ್ಲಿ. ಆಸ್ಪತ್ರೆಯ ಕಾರಿಡಾರಿನಲ್ಲಿ ರಾತ್ರಿ ಕಳೆದ ಯಾವ ತಂದೆತಾಯಿಗೂ ಇದು ವಿಚಿತ್ರವಾಗಿ ಕಾಣುವುದಿಲ್ಲ. ಆ ಅರೆಬರೆ ನಂಬಿಕೆಯನ್ನು ಯೇಸು ತಿರಸ್ಕರಿಸುವುದಿಲ್ಲ. ಮೊದಲು ಪೂರ್ತಿ ನಂಬು, ಆಮೇಲೆ ಬಾ ಎಂದು ಹಿಂದಕ್ಕೆ ಕಳುಹಿಸುವುದಿಲ್ಲ.

ಇದನ್ನು ಓದಿಯೂ ವೇದಿಕೆ ಹತ್ತಿ, ರೋಗ ವಾಸಿಯಾಗದಿದ್ದರೆ ನಿಮ್ಮ ವಿಶ್ವಾಸ ಸಾಲದು ಎನ್ನುವ ಬೋಧಕರಿದ್ದಾರೆ. ಮೈಕು, ಕೀಬೋರ್ಡು, ಸಾಕ್ಷಿ ಹೇಳುವವರ ಸಾಲು. ಸಾಲ ತೀರಿತು, ಗಡ್ಡೆ ಕರಗಿತು, ವೀಸಾ ಬಂತು. ಗಡ್ಡೆ ಕರಗದವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾರೆ, ಅವರಿಗೆ ರೋಗದ ಮೇಲೆ ಅಪರಾಧದ ಭಾರ ಬೇರೆ. ನಮ್ಮ ಇಗರ್ಜಿಯವರೂ ಇದರಲ್ಲಿ ಪೂರ್ತಿ ನಿರಪರಾಧಿಗಳಲ್ಲ. ಸಾವಿನ ಮನೆಯಲ್ಲಿ ಹೆಣ ಎತ್ತುವ ಮೊದಲೇ ಎಲ್ಲ ದೇವರ ಚಿತ್ತ ಎಂದು ಹೇಳಿ ಮುಗಿಸಿ ಚಪ್ಪಲಿ ಹುಡುಕುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಬಂದು ಮೊದಲು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಕೆಟ್ಟದ್ದು ಬಾಯಿ ತೆರೆದ ಮೇಲೆ. ನೀನೇನೋ ಪಾಪ ಮಾಡಿರಬೇಕು ಎಂದು ಅಧ್ಯಾಯಗಟ್ಟಲೆ ವಾದಿಸಿದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ.

ಹಾಗೆ ನೋಡಿದರೆ ವಾಸಿಯಾದವರ ಗತಿಯಾದರೂ ಏನು? ಮಾಡಿನಿಂದ ಇಳಿಸಿದವನು ಎದ್ದು ನಡೆದ, ನಿಜ. ಅವನೂ ಮುಂದೊಂದು ದಿನ ಮಲಗಿದ, ಏಳಲಿಲ್ಲ. ಯೊವಾನ್ನನ ಶುಭಸಂದೇಶದಲ್ಲಿ ಲಾಜರ ನಾಲ್ಕು ದಿನದ ಹೆಣ, ಕರೆದಾಗ ಸಮಾಧಿಯಿಂದ ಹೊರಗೆ ಬಂದ. ಅಕ್ಕತಂಗಿಯರಾದ ಮಾರ್ತ, ಮರಿಯ ಎಷ್ಟು ಹಿಗ್ಗಿರಬೇಕು. ಆದರೆ ಅವರಲ್ಲಿ ಒಬ್ಬರ ಸಾವನ್ನು ಇನ್ನೊಬ್ಬರು ನೋಡಲೇಬೇಕಾಯಿತು, ಲಾಜರನೂ ಎರಡನೆಯ ಸಲ ಸಾಯಲೇಬೇಕಾಯಿತು. ಪವಾಡ ಕೊಟ್ಟದ್ದು ಕೆಲವು ವರ್ಷಗಳ ವಾಯಿದೆ. ಇದೆಲ್ಲ ಗೊತ್ತಿದ್ದೂ ಯೇಸು ಆ ಸಮಾಧಿಯತ್ತ ಹೊರಡುವಾಗ ಅತ್ತರು ಎಂದು ಯೊವಾನ್ನ ಬರೆದಿಟ್ಟಿದ್ದಾನೆ. ಇನ್ನೇನು ಎಬ್ಬಿಸಲಿದ್ದವರು ಅಳುವುದೇಕೆ? ಪಂಡಿತರು ಏನೇನೋ ಹೇಳಿದ್ದಾರೆ. ಎದುರಿಗೆ ಮರಿಯ, ಅವಳ ಜೊತೆ ಬಂದವರು ಅಳುತ್ತಿದ್ದರು, ಅಷ್ಟೇ ಕಾರಣ ನನಗೆ ಸಾಕು.

ವಿಶ್ವಾಸ ಬತ್ತಿಹೋಗುವುದು ಭಕ್ತಿ ಸಾಲದವರಿಗೆ ಮಾತ್ರ ಎಂಬ ಕಲ್ಪನೆಯೊಂದಿದೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ ಅವರ ಖಾಸಗಿ ಪತ್ರಗಳು ಪುಸ್ತಕವಾದಾಗ ಜಗತ್ತು ಬೆಚ್ಚಿತು. ಸುಮಾರು ಅರ್ಧ ಶತಮಾನ ಆ ತಾಯಿಗೆ ಪ್ರಾರ್ಥನೆಯಲ್ಲಿ ದೇವರ ಸುಳಿವೇ ಸಿಕ್ಕಿರಲಿಲ್ಲ. ಕತ್ತಲೆ, ಶೂನ್ಯ. ನಗುತ್ತಲೇ ಕೋಲ್ಕತ್ತದ ಗಲ್ಲಿಗಳಲ್ಲಿ ಸಾಯುವವರ ಮೈ ತೊಳೆಯುತ್ತಿದ್ದರು. ಕಪಟ ಎಂದರು ಕೆಲವರು. ಧರ್ಮಸಭೆ ಆ ಪತ್ರಗಳನ್ನು ಮುಚ್ಚಿಡಲಿಲ್ಲ, 2016ರಲ್ಲಿ ಅವರನ್ನು ಸಂತರೆಂದು ಸಾರಿತು. ಬೈಬಲಿನ ನೂರೈವತ್ತು ಕೀರ್ತನೆಗಳಲ್ಲಿ ಎಂಬತ್ತೆಂಟನೆಯದು ದೇವರನ್ನು ಕರೆದು ಕರೆದು ಸೋತವನದು. ಉಳಿದ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಯಲ್ಲಾದರೂ ಒಂದು ಭರವಸೆಗೆ ಹೊರಳುತ್ತವೆ, ಇದು ಹೊರಳುವುದೇ ಇಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಗುರುಗಳು, ಕನ್ಯಾಸ್ತ್ರೀಯರು ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುನ್ನ ಹೇಳಬೇಕೆಂದು ಧರ್ಮಸಭೆ ಗೊತ್ತುಮಾಡಿರುವುದು ಇದೇ ಕೀರ್ತನೆಯನ್ನು. ಅವರಲ್ಲಿ ಎಷ್ಟೋ ಮಂದಿ ಆ ರಾತ್ರಿ ನೆಮ್ಮದಿಯಾಗಿರುತ್ತಾರೆ, ಒಳ್ಳೆಯ ನಿದ್ದೆಯೂ ಬರುತ್ತದೆ. ಆದರೂ ಹೇಳುತ್ತಾರೆ. ಯಾರ ಪಾಲಿನದನ್ನು ಹೇಳುತ್ತಿದ್ದಾರೆ ಎಂಬುದು ಈಗ ನನಗೆ ತಿಳಿದಿದೆ.

ನೆರೆಹೊರೆಯವರ ಉಪಕಾರಕ್ಕೆ ಇಷ್ಟು ದೊಡ್ಡ ಹೆಸರೇಕೆ, ಇದರಲ್ಲಿ ದೇವರನ್ನು ಎಳೆದು ತರುವುದೇಕೆ ಎಂದು ನನ್ನ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಮೀನಿನ ಗಸಿ ತರಲು, ಸಾಲದ ವಾಯಿದೆ ಕೇಳಲು ದೇವರು ಬೇಕಿಲ್ಲ. ಆದರೆ ಅವರು ಬರೀ ಗಸಿ ತಂದಿರಲಿಲ್ಲ. ತಮ್ಮಲ್ಲಿ ಯಾರದೂ ಅಲ್ಲದ, ತಮ್ಮೆಲ್ಲರಿಗಿಂತ ಹಳೆಯದಾದ ಕೆಲವು ಮಾತುಗಳನ್ನು ತಂದಿದ್ದರು. ಗಂಡ ಕಡಲಿಗೆ ಹೋಗಿ ಹಿಂದೆ ಬಾರದಿದ್ದಾಗ ಬಾಯಮ್ಮನ ಪಾಲಿನದನ್ನು ಬೇರೆ ಯಾರೋ ಹೇಳಿದ್ದರು. ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ಸಾವಿರಾರು ಜನರಲ್ಲಿ ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಎಷ್ಟೋ. ಉಳಿದವರು 1799ರಲ್ಲಿ ಟಿಪ್ಪು ಸತ್ತ ಮೇಲೆ ಊರು ಹುಡುಕಿಕೊಂಡು ಬಂದರು, ಎಷ್ಟೋ ಇಗರ್ಜಿಗಳಿದ್ದ ಕಡೆ ಪಾಯ ಮಾತ್ರ ಇತ್ತು. ಆ ಹದಿನೈದು ವರ್ಷ ಅವರೆಲ್ಲರೂ ಅಚಲವಾಗಿ ನಂಬಿದ್ದರು ಎಂದು ಹೇಳುವುದು ಹಬ್ಬದ ಭಾಷಣಕ್ಕೆ ಸರಿ. ಮಗುವನ್ನು ದಾರಿಬದಿ ಹೂತು ಮುಂದೆ ನಡೆದ ತಾಯಿ ಅಂದು ರಾತ್ರಿ ಏನು ನಂಬಿದ್ದಳೋ ಯಾರು ಕಂಡವರು. ಪಕ್ಕದಲ್ಲಿ ಮಲಗಿದ್ದವಳು ಅವಳ ಬದಲಿಗೆ ಮಣಿ ಎಣಿಸಿರಬೇಕು. ಹಾಗೆ ಎರವಲು ಪಡೆಯುತ್ತ, ಎರವಲು ಕೊಡುತ್ತ ಬಂದದ್ದರಿಂದಲೇ ಆ ಮಾತುಗಳು ನಮ್ಮ ಅಡುಗೆಮನೆಯ ಹೊಸ್ತಿಲ ತನಕ ತಲುಪಿದವು ಎಂದು ನನಗೆ ಅನ್ನಿಸುತ್ತದೆ. ಇದರ ಹಿಂದೆ ದೇವರಿದ್ದಾನೆಯೇ? ಕೆಲವು ದಿನ ಇದ್ದಾನೆ ಎಂದೇ ನನಗೆ ಕಾಣುತ್ತದೆ.

ಹದಿಮೂರನೆಯ ಶತಮಾನದ ಅಕ್ವಿನೊದ ತೋಮಾಸರು, ಕೆಥೋಲಿಕ್ ದೈವಶಾಸ್ತ್ರದ ದೊಡ್ಡ ಪಂಡಿತರು, ಒಂದು ಸೂಕ್ಷ್ಮವನ್ನು ಹೇಳಿದ್ದಾರೆ. ಸ್ವರ್ಗದಲ್ಲಿ ವಿಶ್ವಾಸ ಇರುವುದಿಲ್ಲವಂತೆ, ನಿರೀಕ್ಷೆಯೂ ಇರುವುದಿಲ್ಲವಂತೆ. ದೇವರು ಕಣ್ಣೆದುರಿಗೇ ಇರುವಾಗ ನಂಬುವ ಮಾತೆಲ್ಲಿ ಬಂತು, ಕಾಯುವ ಮಾತೆಲ್ಲಿ ಬಂತು? ಪ್ರೀತಿಯೊಂದೇ ಆ ಕಡೆಗೂ ದಾಟುತ್ತದೆ. ಅಂದರೆ ಗರಿಯ ಹಾಗೆ, ಮೈಯ ಹಾಗೆ, ಮಿಲಾಗ್ರಿಸಿನ ಹಳೆಯ ಗೋಡೆಯ ಹಾಗೆ ವಿಶ್ವಾಸವೂ ಈ ಲೋಕದ ಸರಕೇ. ಸವೆಯುತ್ತದೆ, ಕಳೆಯುತ್ತದೆ, ಒಂದು ದಿನ ಪೂರ್ತಿ ಮುಗಿಯುತ್ತದೆ. ಇಷ್ಟೆಲ್ಲ ಬರೆದ ತೋಮಾಸರೂ 1273ರ ಡಿಸೆಂಬರಿನಲ್ಲಿ ಒಂದು ಬೆಳಗಿನ ಪೂಜೆಯ ನಂತರ ಬರವಣಿಗೆ ನಿಲ್ಲಿಸಿಬಿಟ್ಟರು. ಬರೆದದ್ದೆಲ್ಲ ಹುಲ್ಲುಕಡ್ಡಿಯಂತೆ ತೋರುತ್ತಿದೆ ಎಂದರಂತೆ. ಮೂರು ತಿಂಗಳಲ್ಲಿ ತೀರಿಕೊಂಡರು. ಅವರ ಮಹಾಗ್ರಂಥ ಇವತ್ತಿಗೂ ಅಪೂರ್ಣವೇ.

ಅಮ್ಮ ತೋಮಾಸರನ್ನು ಓದಿದವಳಲ್ಲ. ಈಗ ಬಾಯಮ್ಮ ಇಲ್ಲ, ವಾರ್ಡಿನಲ್ಲಿ ಕಷ್ಟದ ಮನೆಗಳಿಗೆ ಹೋಗುವವರ ಗುಂಪಿನಲ್ಲಿ ಅಮ್ಮನೇ ಹಿರಿಯಳು. ಮೊಣಕಾಲು ನೋವೆಂದು ಗೊಣಗುತ್ತ, ಟಾರ್ಚು ಹಿಡಿದು ಹೋಗುತ್ತಾಳೆ. ಈಚೆಗೆ ಒಂದು ಮನೆಯಲ್ಲಿ ಗಂಡನ ಕುಡಿತದಿಂದ ಹೈರಾಣಾದ ಎಳೆಯ ಹುಡುಗಿಯೊಬ್ಬಳು, ನನಗೆ ಇದರಲ್ಲೆಲ್ಲ ನಂಬಿಕೆಯೇ ಉಳಿದಿಲ್ಲ ಆಂಟಿ, ನೀವು ಬರುವುದು ಬೇಡ ಎಂದಳಂತೆ. ನೀನೇನಂದೆ ಎಂದು ಕೇಳಿದೆ.

"ನಾನೇನು ಹೇಳ್ಲಿಕ್ಕುಂಟು? ನನಗೂ ಕೆಲವು ದಿನ ಇರುದಿಲ್ಲ ಮಗಾ ಅಂದೆ. ಏಳು ಗಂಟೆಗೆ ಬರ್ತೇವೆ, ಚಾ ಮಾಡ್ಲಿಕ್ಕೆ ಹೋಗ್ಬೇಡ ಅಂತ ಹೇಳಿ ಬಂದೆ."